ಹೊಂಡಕ್ಕೊಂದು ಫಂಕ್ಷನ್, ಹಾಳೆಗೊಂದು ತೇಪೆ

ಕುಷ್ಟಗಿ ತಾಲ್ಲೂಕಿನ ಮಸಾರಿ ಭೂಮಿಯಲ್ಲಿ ನಮ್ಮ ಕಾಕಾ ಅವರದು ಮೂರು ಎಕರೆ ದಾಳಿಂಬೆ ತೋಟ. ತ್ರೀ ಫೇಸ್ ವಿದ್ಯುತ್ ಇರುವ ಹೊತ್ತಿನಲ್ಲಿ ಕೊಳವೆಬಾವಿಯ ನೀರನ್ನು ಪಾಲಿಥಿನ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ತುಂಬಿಸಿಕೊಳ್ಳುತ್ತಾರೆ, ಬೇಕಾದಾಗ ಅಲ್ಲಿಂದ ಹನಿ ನೀರಾವರಿಗೆ ಬಿಡುತ್ತಾರೆ. ಈ ಬೇಸಿಗೆಯ ಮೊದಲಿಗೆ ಹೊಂಡದ ನೀರು ಲೆಕ್ಕಕ್ಕೆ ಸಿಗದಂತೆ ಇಳಿಯತೊಡಗಿತು. ಪಂಪು ಹಚ್ಚದ ದಿನವೂ ಮಟ್ಟ ಕೆಳಗೆ ಹೋಗುತ್ತಿತ್ತು.

'ಬಿಸಿಲು ಕುಡಿಯುತ್ತಿದೆ, ತಮ್ಮಾ. ಮಾರ್ಚ್ ಬಂತಲ್ಲ' ಎಂದರು ಕಾಕಾ.

'ಬಿಸಿಲು ಎಷ್ಟು ಕುಡಿಯುತ್ತದೆ, ನೆಲ ಎಷ್ಟು ಕುಡಿಯುತ್ತದೆ ಎಂದು ಬೇರೆ ಬೇರೆ ಮಾಡಿ ನೋಡೋಣ ಕಾಕಾ. ಹಾಳೆ ಹರಿದಿದ್ದರೆ ಬೋರಿನ ನೀರೆಲ್ಲ ಮಣ್ಣುಪಾಲು' ಎಂದೆ.

ಮುಂದಿನ ಮೂರು ವಾರದ ಕೆಲಸವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅರ್ಧ ಕೆಲಸ ಹೊಲದಲ್ಲಿ ನಡೆಯಿತು, ಅರ್ಧ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪಿನ ಅರ್ಧವನ್ನು ಹೆಚ್ಚು ವಿವರವಾಗಿ ಹೇಳುತ್ತೇನೆ. ಸಂಕೇತಗಳಲ್ಲೇ ಗಣಿತ ಮಾಡುವ ಪೈಥಾನ್ ಲೈಬ್ರರಿ ಸಿಂಪೈ ಬಳಸುವವರು ಅದರೊಳಗಿನ ಸೈನ್, ಲಾಗ್ ಮುಂತಾದ ಸಿದ್ಧ ಫಂಕ್ಷನ್‌ಗಳಿಗೇ ನಿಂತುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮದೇ ಹೊಂಡವನ್ನು, ನಮ್ಮದೇ ಅಳತೆಯನ್ನು ಅದಕ್ಕೆ ಕಲಿಸಬಹುದು. ಕಲಿಸುವಾಗ ಸಂಖ್ಯೆಗಿಂತ ಅವಕಲನವನ್ನು, ಅಂದರೆ ಬದಲಾವಣೆಯ ದರವನ್ನು, ಕಲಿಸುವುದೇ ಮುಖ್ಯ ಎಂಬುದು ನನಗೆ ಈ ಹೊಂಡದಿಂದ ತಿಳಿಯಿತು.

ಮೊದಲು ಅಳತೆ. ಕಾಗದದ ಮೇಲೆ ಇದು ಮೇಲ್ಗಡೆ 21 ಮೀಟರು ಬದಿಯ ಚೌಕ, ತಳದಲ್ಲಿ 15 ಮೀಟರು ಬದಿಯ ಚೌಕ, ಆಳ 3 ಮೀಟರು. ಸೂತ್ರಕ್ಕೆ ಹಾಕಿದರೆ 981 ಘನ ಮೀಟರು ನೀರು ಹಿಡಿಯಬೇಕು. ಆದರೆ ತಳದಲ್ಲಿ ಅರ್ಧ ಮೀಟರು ಹೂಳು ಕೂತಿದೆ, ಎರಡು ಬದಿ ಜಗ್ಗಿವೆ, ಮೂಲೆಗಳು ದುಂಡಾಗಿವೆ. ಹೋದ ವರ್ಷ ಹೊಂಡ ಬರಿದಾದಾಗ ಹೂಳಿನ ಮೇಲಿನಿಂದ ಪ್ರತಿ 50 ಸೆಂಟಿಮೀಟರಿಗೊಮ್ಮೆ ಹಗ್ಗ ಕಟ್ಟಿ, ಆ ಮಟ್ಟದಲ್ಲಿ ನೀರು ನಿಂತರೆ ಎಷ್ಟು ಹರಡಿಕೊಳ್ಳುತ್ತದೆ ಎಂದು ಟೇಪು ಹಿಡಿದು ಅಳೆದಿದ್ದೆವು. ತಳದಿಂದ ಮೇಲಕ್ಕೆ ಚದರ ಮೀಟರುಗಳಲ್ಲಿ ಅದು 248, 284, 327, 358, 402, 438. ಎರಡು ಅಳತೆಗಳ ನಡುವೆ ಹರವು ನೇರಗೆರೆಯಲ್ಲಿ ಬೆಳೆಯುತ್ತದೆ ಎಂದಿಟ್ಟುಕೊಂಡು ಕೂಡಿಸಿದರೆ ತುಂಬಿದ ಹೊಂಡದಲ್ಲಿ 857 ಘನ ಮೀಟರು ನೀರು ನಿಲ್ಲುತ್ತದೆ. ಕಾಗದದ ಲೆಕ್ಕಕ್ಕಿಂತ 1 ಲಕ್ಷ 24 ಸಾವಿರ ಲೀಟರು ಕಡಿಮೆ.

ಈ ಅಳತೆಗಳನ್ನು ಕಾಕಾ ತಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡ ಅಂಕಿಗಳಲ್ಲಿ ಬರೆದಿದ್ದರು, ಅವರ ಮಗಳು ಹಾಗೆಯೇ ಟೈಪ್ ಮಾಡಿ ಕಳಿಸಿದ್ದಳು. ತಿದ್ದಿ ಬರೆಯಬೇಕಾಗುತ್ತದೆ ಎಂದುಕೊಂಡಿದ್ದೆ. ಬೇಕಾಗಲಿಲ್ಲ. ಪೈಥಾನ್‌ನ 'ಇಂಟ್'ಗೆ '೨೪೮' ಎಂಬ ಪಠ್ಯವನ್ನು ಕೊಟ್ಟರೆ ಅದು 248 ಎಂದೇ ಓದುತ್ತದೆ. ಪ್ರೋಗ್ರಾಮಿನ ಸಾಲಿನಲ್ಲಿ ನೇರವಾಗಿ ಕನ್ನಡ ಅಂಕಿ ಬರೆಯುವಂತಿಲ್ಲ, ಆದರೆ ಪಠ್ಯದಿಂದ ಸಂಖ್ಯೆ ಮಾಡುವಾಗ ಅಡ್ಡಿಯಿಲ್ಲ. ಇದನ್ನು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು.

ಹೆಸರುಗಳನ್ನೂ ಕನ್ನಡದಲ್ಲೇ ಇಟ್ಟೆ. ಪೈಥಾನ್ 3 ಇದಕ್ಕೆ ಅವಕಾಶ ಕೊಡುತ್ತದೆ. 'ಹೊಂಡ' ಎಂದರೆ ನೀರಿನ ಗಾತ್ರ, 'ಹರವು' ಎಂದರೆ ನೀರಿನ ಮೇಲ್ಮೈ, 'ಮಟ್ಟ', 'ಆವಿ', 'ಕಾಲ'. ಎಲ್ಲವೂ ನಡೆದವು, 'ಪಂಪ್‌ಸೆಟ್' ಒಂದನ್ನು ಬಿಟ್ಟು. ಆ ಸಾಲಿನಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದಿದೆ ಎಂದು ಪೈಥಾನ್ ದೂರಿತು. ಅರ್ಧ ಗಂಟೆ ಹುಡುಕಿದ ಮೇಲೆ ಹೊಳೆಯಿತು: 'ಪ್' ಮತ್ತು 'ಸೆ' ಒತ್ತಕ್ಷರವಾಗಿ ಕೂಡಿಕೊಳ್ಳದಿರಲೆಂದು ನಾವು ಟೈಪ್ ಮಾಡುವಾಗ ನಡುವೆ ಹಾಕುವ ಅಗಲವಿಲ್ಲದ ಗುರುತು ಅದು. ಹೆಸರುಗಳಲ್ಲಿ ಆ ಗುರುತನ್ನು ಪೈಥಾನ್ ಒಪ್ಪುವುದಿಲ್ಲ. 'ಪಂಪು' ಎಂದು ಬದಲಿಸಿದೆ, ಸರಿಹೋಯಿತು. ಕನ್ನಡದಲ್ಲಿ ಪ್ರೋಗ್ರಾಮು ಬರೆಯುವವರು ಅರ್ಧಾಕ್ಷರ ಒಡೆದು ನಿಲ್ಲುವ ಹೆಸರುಗಳನ್ನು ಬಿಟ್ಟರೆ ಈ ತಲೆನೋವು ತಪ್ಪುತ್ತದೆ.

ಈಗ ಫಂಕ್ಷನ್. ಮೊದಲ ಪ್ರಯತ್ನದಲ್ಲಿ ಸಿಂಪೈನ 'ಪೀಸ್‌ವೈಸ್' ಬಳಸಿದೆ. ಐದು ತುಂಡು, ಐದು ವರ್ಗ ಸಮೀಕರಣ, ಐದು ಷರತ್ತು. ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೆ ಯಾವ ಹೆಜ್ಜೆ ಇಟ್ಟರೂ ಐದೂ ತುಂಡುಗಳು ಪರದೆಯ ತುಂಬ ಹರಡಿಕೊಂಡು, ಹೊಂಡ ಎಂಬ ಒಂದು ವಸ್ತುವೇ ಕಾಣದಂತಾಗುತ್ತಿತ್ತು. ಎರಡನೆಯ ಪ್ರಯತ್ನದಲ್ಲಿ ಬರೀ ಹೆಸರಿನ ಫಂಕ್ಷನ್ ಮಾಡಿದೆ. ಹೊಂಡ ಎಂಬುದೊಂದಿದೆ, ಅದು ಮಟ್ಟವನ್ನು ಅವಲಂಬಿಸಿದೆ, ಅಷ್ಟೇ. ಬರವಣಿಗೆ ಚೊಕ್ಕಟವಾಯಿತು. ಆದರೆ ಅದಕ್ಕೆ ಏನೂ ಗೊತ್ತಿಲ್ಲ. ಅವಕಲನ ಕೇಳಿದರೆ 'ಹೊಂಡದ ಅವಕಲನ' ಎಂದು ಪ್ರಶ್ನೆಯನ್ನೇ ಮರಳಿ ಬರೆದು ಕೊಡುತ್ತಿತ್ತು.

ಬೇಕಾದದ್ದು ಇವೆರಡರ ನಡುವಿನ ದಾರಿ: ಹೆಸರಾಗಿಯೇ ಉಳಿಯಬೇಕು, ಕೇಳಿದಾಗ ಮಾತ್ರ ಸಂಖ್ಯೆ ಹೇಳಬೇಕು, ತನ್ನ ಅವಕಲನ ಯಾವುದು ಎಂದು ತಿಳಿದಿರಬೇಕು. ಸಿಂಪೈನಲ್ಲಿ ಇದಕ್ಕೆ 'ಫಂಕ್ಷನ್' ಎಂಬ ಮೂಲ ವರ್ಗದಿಂದ (ಪ್ರೋಗ್ರಾಮಿನ ಕ್ಲಾಸ್) ನಮ್ಮದೇ ಉಪವರ್ಗವನ್ನು ಬರೆಯಬೇಕು. ಅದರೊಳಗೆ ನಾನು ತುಂಬಿದ್ದು ಮೂರು ಕೋಣೆಗಳನ್ನು, ಅಂದರೆ ಮೂರು ಮೆಥಡ್ಡುಗಳನ್ನು.

ಒಂದನೆಯದು 'ಇವ್ಯಾಲ್'. ಹೊಂಡದೊಳಗೆ ಏನನ್ನಾದರೂ ಹಾಕಿದ ಕೂಡಲೇ ಸಿಂಪೈ ಇಲ್ಲಿಗೆ ಬಂದು, ಇದನ್ನು ಈಗಲೇ ಬಿಡಿಸಬೇಕೇ ಎಂದು ಕೇಳುತ್ತದೆ. ನಾನು ಮೊದಲು ಇಲ್ಲಿ ನೇರವಾಗಿ 'ಮಟ್ಟ ಸೊನ್ನೆಗಿಂತ ಕಡಿಮೆ ಇದ್ದರೆ' ಎಂದು ಶುರು ಮಾಡಿದ್ದೆ. 1.5 ಹಾಕಿದರೆ ನಡೆಯಿತು. ಮಟ್ಟ ಎಂಬ ಸಂಕೇತವನ್ನು ಹಾಕಿದ ತಕ್ಷಣ, ಈ ಹೋಲಿಕೆ ನಿಜವೋ ಸುಳ್ಳೋ ನಿರ್ಧರಿಸಲಾಗುತ್ತಿಲ್ಲ ಎಂದು ನಿಂತುಬಿಟ್ಟಿತು. ನಿಲ್ಲಬೇಕಾದದ್ದೇ ಸರಿ. ಬೆಲೆ ಗೊತ್ತಿಲ್ಲದ ಮಟ್ಟ ಸೊನ್ನೆಗಿಂತ ಕಡಿಮೆಯೋ ಹೆಚ್ಚೋ ಯಾರು ಹೇಳಬೇಕು? ಆದ್ದರಿಂದ ಮೊದಲ ಸಾಲಿನಲ್ಲೇ ಬಂದದ್ದು ಸಂಖ್ಯೆಯೇ ಎಂದು ನೋಡಬೇಕು. ಅಲ್ಲವಾದರೆ ಏನನ್ನೂ ಹಿಂದಿರುಗಿಸದೆ ಹೊರಬರಬೇಕು. ಏನೂ ಬರದಿದ್ದರೆ ಸಿಂಪೈ 'ಹೊಂಡ, ಮಟ್ಟ' ಎಂಬುದನ್ನು ಬಿಡಿಸದೆ ಹಾಗೆಯೇ ಇಟ್ಟುಕೊಳ್ಳುತ್ತದೆ.

ಹೊಂಡದ ಅಳತೆಗಳ ಕೋಷ್ಟಕದ ಸಂಖ್ಯೆಗಳನ್ನು ದಶಮಾಂಶದಲ್ಲಿ ಇಡದೆ 'ರ‍್ಯಾಷನಲ್' ಭಿನ್ನರಾಶಿಗಳಾಗಿ ಇಟ್ಟೆ. ಮಟ್ಟದ ಅಳತೆ ಸೆಂಟಿಮೀಟರಿನಲ್ಲಿ ಪೂರ್ಣಾಂಕವಾಗಿ ಇದ್ದುದರಿಂದ 100ರಿಂದ ಭಾಗಿಸಿದರೆ ಮುಗಿಯಿತು. ಹೀಗೆ ಮಾಡಿದರೆ ಒಂದೂಕಾಲು ಮೀಟರು ಮಟ್ಟಕ್ಕೆ ಉತ್ತರ 5911/16 ಎಂದು ನಿಖರವಾಗಿ ಬರುತ್ತದೆ. ದಶಮಾಂಶದ ಬಾಲದಲ್ಲಿ ಎಲ್ಲೋ ಉಳಿದ ಚೂರಿನಿಂದ ಎರಡು ಸಮನಾದ ಪದಗಳು ಪರಸ್ಪರ ಕಳೆಯದೆ ನಿಲ್ಲುವ ಕಾಟ ಇರುವುದಿಲ್ಲ.

ಎರಡನೆಯ ಕೋಣೆ '_ಇವ್ಯಾಲ್_ಇವ್ಯಾಲ್ಫ್'. ಎರಡರ ವರ್ಗಮೂಲದಂಥ ಬೆಲೆ ಬಂದಾಗ ಇದು ಬೇಕು. ವರ್ಗಮೂಲ ಎರಡು ಒಂದು ನಿಶ್ಚಿತ ಬೆಲೆಯೇ ಹೌದು, ಆದರೆ ಸಿಂಪೈನಲ್ಲಿ ಅದು ಸಂಖ್ಯೆಯ ಜಾತಿಗೆ ಸೇರಿದ ವಸ್ತುವಲ್ಲ. 'ಈಸ್ ನಂಬರ್' ಎಂಬ ಪ್ರಶ್ನೆ ಅಲ್ಲಿ ಎರಡಿವೆ: ನಂಬರಿನ ಮೊದಲಕ್ಷರ ದೊಡ್ಡದಾಗಿದ್ದರೆ ಒಂದು ಅರ್ಥ, ಚಿಕ್ಕದಾಗಿದ್ದರೆ ಇನ್ನೊಂದು. ನನ್ನ ಇವ್ಯಾಲ್ ದೊಡ್ಡಕ್ಷರದ್ದನ್ನು ಕೇಳುತ್ತದೆ, ಅಂದರೆ ಪೂರ್ಣಾಂಕ, ಭಿನ್ನರಾಶಿ, ದಶಮಾಂಶಗಳನ್ನು ಮಾತ್ರ ಬಿಡಿಸುತ್ತದೆ. ಉಳಿದವಕ್ಕೆ ಅಂದಾಜು ಬೆಲೆ ಬೇಕೆಂದಾಗ ಈ ಎರಡನೆಯ ಕೋಣೆ ಒಳಗಿನದನ್ನು ದಶಮಾಂಶ ಮಾಡಿಕೊಂಡು ಕೋಷ್ಟಕಕ್ಕೆ ಕೊಡುತ್ತದೆ.

ಮೂರನೆಯದು 'ಎಫ್‌ಡಿಫ್'. ಬರೆದದ್ದು ಒಂದೇ ಸಾಲು: ಹೊಂಡದ ಅವಕಲನ ಹರವು. ಮಟ್ಟ ಒಂದು ಕೂದಲೆಳೆಯಷ್ಟು ಏರಿದರೆ ಸೇರುವ ನೀರು ಆ ಮಟ್ಟದ ಹರವಿನ ಮೇಲೆ ಹಾಸಿದ ಒಂದು ತೆಳು ಪದರ. ಇದಕ್ಕೆ ಯಾವ ಸೂತ್ರವೂ ಬೇಕಿಲ್ಲ, ಹೊಂಡ ಯಾವ ಆಕಾರದಲ್ಲಿದ್ದರೂ ಇದು ನಿಜ. ಹರವನ್ನೂ ಇದೇ ರೀತಿ ಇನ್ನೊಂದು ಉಪವರ್ಗವಾಗಿ ಬರೆದು, ಅದು ಯಾವಾಗಲೂ ಸೊನ್ನೆಗಿಂತ ಹೆಚ್ಚು ಎಂದೂ ತಿಳಿಸಿದೆ.

ಆಮೇಲೆ ಮಟ್ಟವನ್ನು ಕಾಲದ ಮೇಲೆ ಅವಲಂಬಿಸುವಂತೆ ಮಾಡಿ, ಹೊಂಡದ ನೀರು ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂದು ಕೇಳಿದೆ. ಸರಪಳಿ ನಿಯಮವನ್ನು ಸಿಂಪೈ ತಾನೇ ಹಾಕಿಕೊಂಡಿತು: ಹರವು ಗುಣಿಸು ಮಟ್ಟದ ಬದಲಾವಣೆಯ ದರ. ಆವಿಯಾಗುವ ನೀರು ಎಂದರೆ ದಿನದ ಆವಿಯ ದಪ್ಪ ಗುಣಿಸು ಹರವು. ಎರಡನ್ನೂ ಸಮೀಕರಣವಾಗಿಸಿ ಮಟ್ಟದ ದರಕ್ಕೆ ಬಿಡಿಸು ಎಂದೆ. ಪರದೆಯ ಮೇಲೆ ಬಂದದ್ದು ಒಂದೇ ಪದ, ಋಣ ಆವಿ. ಹರವು ಎರಡೂ ಕಡೆಯಿಂದ ಹೋಗಿಬಿಟ್ಟಿತ್ತು. ಹೂಳು, ಜಗ್ಗಿದ ಬದಿ, ದುಂಡಾದ ಮೂಲೆ, ನಾವು ಟೇಪು ಹಿಡಿದು ಬೆವರಿದ ಆರೂ ಅಳತೆಗಳು ಹೋಗಿದ್ದವು.

ನಾನು ಎದ್ದು ಒಂದು ಸುತ್ತು ನಡೆದಾಡಿ ಬಂದೆ. ಬಿಸಿಲು ಮಾತ್ರ ನೀರು ಕುಡಿಯುತ್ತಿದ್ದರೆ, ಹೊಂಡದ ಮಟ್ಟವೂ ಪಕ್ಕದಲ್ಲಿಟ್ಟ ಒಂದು ಟಬ್ಬಿನ ಮಟ್ಟವೂ ದಿನಕ್ಕೆ ಒಂದೇ ದಪ್ಪ ಇಳಿಯಬೇಕು. ಟಬ್ಬಿನಲ್ಲಿ ನೀರಿಟ್ಟು ಹೋಲಿಸುವುದು ಹಳೆಯ ಉಪಾಯ, ಹಲವರು ಮಾಡುತ್ತಾರೆ. ಅದು ಏಕೆ ಸರಿ ಎಂಬುದು ಇಲ್ಲಿ ಕಣ್ಣೆದುರು ಬಿಡಿಸಿಕೊಂಡಿತ್ತು. ಪೀಸ್‌ವೈಸ್ ಐದು ತುಂಡುಗಳಾಗಿದ್ದಾಗ ಇದನ್ನು ನಾನು ಕಂಡಿರಲಿಲ್ಲ. ಎಫ್‌ಡಿಫ್‌ನ ಒಂದು ಸಾಲು ಇಲ್ಲದಿದ್ದರೆ ಸಿಂಪೈಗೂ ಕಾಣುತ್ತಿರಲಿಲ್ಲ.

ಸಮೀಕರಣಕ್ಕೆ ಸೋರಿಕೆಯನ್ನೂ ಸೇರಿಸಿದಾಗ ಅದು ಹರವಿನಿಂದ ಭಾಗವಾಗಿ ಬಂತು. ಹೊಂಡದ ಇಳಿತದಿಂದ ಟಬ್ಬಿನ ಇಳಿತ ಕಳೆದು, ಉಳಿದದ್ದನ್ನು ಆ ಮಟ್ಟದ ಹರವಿನಿಂದ ಗುಣಿಸಿದರೆ ದಿನದ ಸೋರಿಕೆ. ಟೇಪು ಹಿಡಿದ ಶ್ರಮ ಇಲ್ಲಿ ಕೆಲಸಕ್ಕೆ ಬಂತು.

ಹೊಲಕ್ಕೆ ಹೋಗುವ ಮೊದಲು ಇನ್ನೊಂದು ತಪ್ಪಿನ ವಿಷಯ. ಅಳತೆಗಳನ್ನು ಸೇರಿಸುವಾಗ ಎರಡು ಮೀಟರು ಮಟ್ಟದ 402 ಎಂಬುದು 420 ಆಗಿ ಕೂತಿತ್ತು. ತುಂಬಿದ ಹೊಂಡಕ್ಕೆ 866 ಬಂದಾಗ ನೋಟ್‌ಬುಕ್ ನೋಡಿ ಕೋಷ್ಟಕ ತಿದ್ದಿದೆ, ಮತ್ತೆ ಕೇಳಿದೆ. ಮತ್ತೆ 866. ಒಂದು ಸೆಂಟಿಮೀಟರು ಕೆಳಗೆ, 2.49 ಮೀಟರಿಗೆ ಕೇಳಿದರೆ 852.62. ಒಂದು ಸೆಂಟಿಮೀಟರಿಗೆ ನಾಲ್ಕೂ ಚಿಲ್ಲರೆ ಘನ ಮೀಟರು ಕಡಿಮೆಯಾಗಬೇಕಾದಲ್ಲಿ 13ಕ್ಕಿಂತ ಹೆಚ್ಚು ಹೋಗಿತ್ತು! ಮೊದಲು ಕೇಳಿದ ಪ್ರಶ್ನೆಗಳಿಗೆ ಹಳೆಯ ಉತ್ತರ, ಹೊಸ ಪ್ರಶ್ನೆಗಳಿಗೆ ಹೊಸ ಉತ್ತರ ಬರುತ್ತಿತ್ತು.

ಕಾರಣ ಸಿಂಪೈನ ನೆನಪು. ಒಂದೇ ಫಂಕ್ಷನ್‌ಗೆ ಅದೇ ಬೆಲೆ ಮತ್ತೆ ಬಂದರೆ ಅದು ಮರಳಿ ಲೆಕ್ಕ ಮಾಡುವುದಿಲ್ಲ, ಎತ್ತಿಟ್ಟುಕೊಂಡ ಉತ್ತರವನ್ನೇ ಕೊಡುತ್ತದೆ. ಗಣಿತದ ಫಂಕ್ಷನ್‌ಗೆ ಅದು ನ್ಯಾಯವೇ. ಅದೇ ಬೆಲೆ ಕೊಟ್ಟರೆ ಅದೇ ಉತ್ತರ ಬರಬೇಕಲ್ಲವೇ? ತಪ್ಪು ನನ್ನದು, ಫಂಕ್ಷನ್‌ನ ಹೊರಗೆ ಬದಲಾಗುವ ಕೋಷ್ಟಕವಿಟ್ಟು ಒಳಗಿನಿಂದ ಅದನ್ನು ಓದುತ್ತಿದ್ದೆ. ನೆನಪನ್ನು ಅಳಿಸುವ ಆದೇಶವೂ ಇದೆ, ಆದರೆ ಪ್ರತಿ ಸಲ ಅದನ್ನು ಕೊಡುವುದು ಮರೆತುಹೋಗುವ ಕೆಲಸ. ಹಾಗಾಗಿ ಹೊಂಡಕ್ಕೆ ಎರಡನೆಯ ಬೆಲೆಯೊಂದನ್ನು ಸೇರಿಸಿದೆ, ಅಳತೆ ಸಂಖ್ಯೆ. ತಪ್ಪಾದ ಕೋಷ್ಟಕ ಅಳತೆ 1, ತಿದ್ದಿದ್ದು ಅಳತೆ 2. ಒಮ್ಮೆ ಬರೆದ ಕೋಷ್ಟಕವನ್ನು ಮತ್ತೆ ಮುಟ್ಟುವುದಿಲ್ಲ, ಬದಲಾದರೆ ಹೊಸ ಸಂಖ್ಯೆ. ಕೋಷ್ಟಕವನ್ನೇ ಪಟ್ಟಿಯಾಗಿ ಒಳಗೆ ಕಳಿಸುವ ಯೋಚನೆಯನ್ನೂ ಮಾಡಿದ್ದೆ, ಆದರೆ ಅವಕಲನ ಮಾಡುವಾಗ ಸಿಂಪೈ ಪ್ರತಿಯೊಂದು ಬೆಲೆಯ ಅವಕಲನವನ್ನೂ ಕೇಳುತ್ತದೆ, ಪಟ್ಟಿಗೆ ಅದು ಗೊತ್ತಿಲ್ಲ. ಪೂರ್ಣಾಂಕವಾದರೆ ಅವಕಲನ ಸೊನ್ನೆ, ಸಿಂಪೈ ಅದನ್ನು ದಾಟಿ ಮುಂದೆ ಹೋಗುತ್ತದೆ.

ಚಿತ್ರ ಬಿಡಿಸಲು 'ಲ್ಯಾಂಬ್ಡಿಫೈ' ಬಳಸುವವರಿಗೆ ಒಂದು ಮಾತು: ಅದು ಸಾಲನ್ನು ಸಂಖ್ಯೆಗಳ ಲೆಕ್ಕ ಮಾಡುವ ಲೈಬ್ರರಿ ನಮ್‌ಪೈಗೆ ಒಪ್ಪಿಸುತ್ತದೆ, ನಮ್‌ಪೈಗೆ ನಿಮ್ಮ ಹೊಂಡ ಗೊತ್ತಿರುವುದಿಲ್ಲ. ಹೆಸರನ್ನೂ ಅದರ ಲೆಕ್ಕ ಮಾಡುವ ಸಾದಾ ಪೈಥಾನ್ ಫಂಕ್ಷನನ್ನೂ ಜೋಡಿಸಿದ ನಿಘಂಟೊಂದನ್ನು (ಪೈಥಾನಿನ ಡಿಕ್ಷನರಿ) ಜೊತೆಗೆ ಕೊಡಬೇಕು.

ಹೊಲದಲ್ಲಿ 45 ಸೆಂಟಿಮೀಟರು ಬಾಯಿಯ, ಬದಿ ನೇರವಾಗಿರುವ ಪ್ಲಾಸ್ಟಿಕ್ ಟಬ್ ತಂದೆವು. ದಡದ ಮೇಲಿಟ್ಟರೆ ಟಬ್ಬಿನ ನೀರು ಹೊಂಡದ ನೀರಿಗಿಂತ ಬೇಗ ಕಾಯುತ್ತದೆ, ಹೋಲಿಕೆ ಕೆಡುತ್ತದೆ. ಅದಕ್ಕೇ ಒಳಗೆ ಕಲ್ಲಿಟ್ಟು, ಹಗ್ಗ ಕಟ್ಟಿ, ಹೊಂಡದ ನೀರಿನಲ್ಲೇ ತೇಲಬಿಟ್ಟೆವು. ಪ್ರತಿ ಬೆಳಿಗ್ಗೆ ಆರು ಗಂಟೆಗೆ, ಗಾಳಿ ಏಳುವ ಮೊದಲು, ಟಬ್ಬನ್ನು ದಡಕ್ಕೆ ಎತ್ತಿ ಒಳಗಿನ ಗುರುತಿನವರೆಗೆ ಅಳತೆ ಜಗ್ಗಿನಿಂದ ನೀರು ಸುರಿಯುವುದು. 1.1 ಲೀಟರು ಹಿಡಿದರೆ ಹೆಚ್ಚು ಕಡಿಮೆ 7 ಮಿಲಿಮೀಟರು ಆವಿಯಾಗಿದೆ ಎಂದರ್ಥ. ಅಳತೆಪಟ್ಟಿ ಹಿಡಿದು ಓದುವುದಕ್ಕಿಂತ ಇದು ಎಷ್ಟೋ ನಿಖರ. ಹೊಂಡದೊಳಗೆ ನೆಟ್ಟ ಕಬ್ಬಿಣದ ಪೈಪಿಗೆ ಸ್ಟೀಲ್ ಸ್ಕೇಲು ಬಿಗಿದಿದ್ದೆವು.

ಬೋರಿನಿಂದ ತುಂಬುವುದನ್ನು ನಿಲ್ಲಿಸಿದೆವು. ಒಂದು ದಿನ ನೀರು ಬಿಟ್ಟು ಮಟ್ಟ ಇಳಿಸುವುದು, ಮರುದಿನ ಪಂಪು ಮುಟ್ಟದೆ ಅಳೆಯುವುದು. ಇದರಲ್ಲಿ ಕೇಳದೆ ಸಿಕ್ಕ ಲಾಭವೂ ಒಂದು: 2.10ರಿಂದ 2.05 ಮೀಟರಿಗೆ ಇಳಿಸಲು ಪಂಪು ಎರಡೂವರೆ ಗಂಟೆ ಓಡಿತು, ಹೊಂಡದ ಲೆಕ್ಕದಲ್ಲಿ ಅದು 20.37 ಘನ ಮೀಟರು. ಗಂಟೆಗೆ ಸುಮಾರು ಎಂಟು ಸಾವಿರ ಲೀಟರು ಗಿಡಗಳಿಗೆ ಹೋಗುತ್ತಿದೆ ಎಂದು ಕಾಕಾಗೆ ಮೊದಲ ಬಾರಿಗೆ ತಿಳಿಯಿತು.

ಅಳತೆಗಳು ಹೀಗೆ ಬಂದವು. 2.10 ಮೀಟರಿನಲ್ಲಿ ಹೊಂಡ ಟಬ್ಬಿಗಿಂತ 12 ಮಿಲಿಮೀಟರು ಹೆಚ್ಚು ಇಳಿಯಿತು. 1.95ರಲ್ಲಿ 11, 1.80ರಲ್ಲಿ 9, 1.65ರಲ್ಲಿ 6. ಮಟ್ಟ 1.50ಕ್ಕೆ ಬಂದಾಗ ಎರಡೂ ಒಂದೇ. ಹರವಿನಿಂದ ಗುಣಿಸಿದರೆ ಮೇಲಿನ ಮಟ್ಟದಲ್ಲಿ ದಿನಕ್ಕೆ 4,900 ಲೀಟರು ಸೋರುತ್ತಿತ್ತು, ಅದೇ ದಿನ ಬಿಸಿಲು ಕುಡಿದದ್ದು ಸುಮಾರು 2,900. ಕಾಕಾ ಆ ಎರಡು ಸಂಖ್ಯೆಗಳನ್ನು ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

'ಪಾಪ, ಬಿಸಿಲಿನ ಮೇಲೆ ಹಾಕಿದೆನಲ್ಲ' ಎಂದರು ಕೊನೆಗೆ.

ತೂತಿನಿಂದ ಹರಿಯುವ ನೀರು ಅದರ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಹಾಳೆಯ ಹಿಂದೆ ಮಣ್ಣು ಒತ್ತಿಕೊಂಡಿದ್ದರೆ ಈ ನಿಯಮ ಸರಿಯಾಗಿ ಕೂಡಿಬರುವುದಿಲ್ಲ, ಹಿಂದೆ ಪೊಳ್ಳಿದ್ದರೆ ಕೂಡಿಬರುತ್ತದೆ. ಸೋರಿಕೆಯ ವರ್ಗವನ್ನು ಮಟ್ಟದ ಎದುರು ಗುರುತಿಸಿದಾಗ ನಾಲ್ಕು ಬಿಂದುಗಳೂ ಒಂದು ಗೆರೆಯ ಹತ್ತಿರವೇ ಬಿದ್ದವು. ಗೆರೆಯನ್ನು ಕೆಳಗೆ ಎಳೆದರೆ ಅದು ಸೊನ್ನೆ ಮುಟ್ಟಿದ್ದು 1.53 ಮೀಟರಿನಲ್ಲಿ.

ನೀರು 1.40ಕ್ಕೆ ಇಳಿದ ದಿನ ಇಬ್ಬರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆವು. ಪಾಚಿ ಹಿಡಿದ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಹೊಂಡದೊಳಗೆ ಒಬ್ಬರೇ ಇಳಿಯುವ ಸಾಹಸವನ್ನು ಯಾರೂ ಮಾಡಬಾರದು. ಲೆಕ್ಕ ಎತ್ತರವನ್ನು ಹೇಳುತ್ತದೆ, ಯಾವ ಬದಿ ಎಂದು ಹೇಳುವುದಿಲ್ಲ. ಆ ಎತ್ತರದಲ್ಲೇ ಸುತ್ತಲೂ ಪಾಚಿ ಒರೆಸುತ್ತ ಹೋದೆವು. ಉತ್ತರದ ಬದಿಯಲ್ಲಿ, ಪಂಪಿನ ಹೀರುವ ಪೈಪು ಹಾಳೆಗೆ ತಾಗುವ ಮಡಿಕೆಯೊಳಗೆ, 1.55 ಮೀಟರಿನಲ್ಲಿ ಬೆರಳುದ್ದದ ಸೀಳು ಸಿಕ್ಕಿತು. ಪಂಪು ಅದುರಿದಾಗಲೆಲ್ಲ ಪೈಪು ಅಲ್ಲೇ ಉಜ್ಜುತ್ತಿತ್ತು. ಹಿಂದೆ ಕೈ ಹೋಗುವಷ್ಟು ದೊಡ್ಡ ಇಲಿಬಿಲ.

ಬಿಲಕ್ಕೆ ಒದ್ದೆ ಮಣ್ಣು ತುಂಬಿ ಗಟ್ಟಿಯಾಗಿ ಬಡಿದೆವು. ಮೊದಲು ಹಚ್ಚಿದ ಸೈಕಲ್ ಪಂಕ್ಚರಿನ ಗೋಂದು ಮರುದಿನವೇ ಎದ್ದುಬಂತು. ಪಾಲಿಥಿನ್ ಹಾಳೆಗೆ ಸಾಮಾನ್ಯ ಗೋಂದು ಹಿಡಿಯುವುದಿಲ್ಲ, ಕಾಯಿಸಿ ಬೆಸೆಯಬೇಕು. ಕುಷ್ಟಗಿಯಲ್ಲಿ ಫ್ಲೆಕ್ಸ್ ಬ್ಯಾನರು ಮಾಡುವ ಅಂಗಡಿಯವರ ಬಳಿ ಬಿಸಿಗಾಳಿಯ ಗನ್ ಇರುತ್ತದೆ, ಒಂದು ದಿನಕ್ಕೆ ಕೇಳಿ ತಂದೆವು. ಅದೇ ಹಾಳೆಯ ಉಳಿದ ತುಂಡನ್ನು ಸೀಳಿಗಿಂತ ಎಲ್ಲ ಕಡೆ ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಿ, ಮೂಲೆಗಳನ್ನು ದುಂಡು ಮಾಡಿ, ಏಕೆಂದರೆ ಚೂಪು ಮೂಲೆಯೇ ಮೊದಲು ಏಳುವುದು, ಎರಡೂ ಮೈಗಳನ್ನು ಒರೆಸಿ ಒಣಗಿಸಿ, ಕಾಯಿಸುತ್ತ ಮರದ ಲಟ್ಟಣಿಗೆಯಿಂದ ಒತ್ತಿದೆವು. ಕಾಕಿ ಆ ಲಟ್ಟಣಿಗೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಪೈಪು ತಾಗುವ ಕಡೆ ಹಳೆಯ ಟೈರಿನ ಪಟ್ಟಿಯೊಂದನ್ನು ಸುತ್ತಿದೆವು.

ಬೋರಿನ ನೀರಿನಿಂದ ಮಟ್ಟ 1.80ಕ್ಕೆ ಏರಲು ಹಲವು ದಿನ ಬೇಕಾಯಿತು. ಏರಿದ ಮೇಲೆ ಟಬ್ಬನ್ನು ಮತ್ತೆ ತೇಲಬಿಟ್ಟೆವು. ಮರುದಿನ ಬೆಳಿಗ್ಗೆ ಕಾಕಾ ತಾವೇ ಜಗ್ಗಿನಿಂದ ನೀರು ಸುರಿದು, ಸ್ಕೇಲಿನ ಮುಂದೆ ಬಗ್ಗಿ ನೋಡಿ, ನೋಟ್‌ಬುಕ್ಕಿನಲ್ಲಿ ಪಕ್ಕ ಪಕ್ಕದಲ್ಲಿ ಬರೆದರು: ಟಬ್ಬು ೮, ಹೊಂಡ ೮.

ಮೇ ತಿಂಗಳಲ್ಲಿ ಹೂಳು ತೆಗೆಸುತ್ತಾರಂತೆ. ಅಳತೆ 3ಕ್ಕೆ ಹಗ್ಗ, ಟೇಪು ಎತ್ತಿಟ್ಟಿದ್ದೇನೆ.